ಗಲಗಲಿಯವರ ತಪ್ಪದ ಹವಾಮಾನ

"ಇನ್ನ ಮ್ಯಾಲೆ ನನ್ನ ವರದಿ ತಪ್ಪೂ ಮಾತ ಇಲ್ಲ," ಎಂದು ಗಲಗಲಿಯವರು ಮೇಜಿನ ಮೇಲಿನ ಬಟ್ಟೆಯನ್ನು ಸರಕ್ಕನೆ ಎಳೆದರು.

ಹುಲಿಗುಡ್ಡದ ವಿಮಾನ ತರಬೇತಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹವಾಮಾನ ನೋಡುತ್ತ, ಮಳೆ ಬಂದರೂ ಬೈಸಿಕೊಂಡು, ಬಾರದಿದ್ದರೂ ಬೈಸಿಕೊಂಡ ಮನುಷ್ಯ ಅವರು. ಬಟ್ಟೆಯ ಕೆಳಗೆ ಹಿತ್ತಾಳೆ ಗುಂಡಿಗಳ ಒಂದು ಪೆಟ್ಟಿಗೆ ಇತ್ತು. ಅದರ ವೈರು ಗೋಡೆ ಹತ್ತಿ ಮಾಳಿಗೆಯ ಮೇಲಿನ ತಾಮ್ರದ ತಟ್ಟೆಗೆ ಹೋಗಿತ್ತು. ಹೆಸರು ಸತ್ಯವಾಣಿ. ಅರ್ಧ ತಾಸಿಗೊಮ್ಮೆ ತಾನೇ ಆಕಾಶ ನೋಡಿ ವರದಿ ಹೊರಡಿಸುತ್ತದಂತೆ.

ವಿದ್ಯಾರ್ಥಿನಿ ಮುಕ್ತಾ ಹಂಚಿನಮನಿಗೆ ಪೆಟ್ಟಿಗೆಯ ಮೇಲೆ ಲಕ್ಷ್ಯವಿರಲಿಲ್ಲ. ಇವತ್ತು ಅವಳು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಬೇಕಿತ್ತು. ಈಗಾಗಲೇ ಮೂರು ಸಲ ಮಳೆಗಾಳಿಗೆ ತಪ್ಪಿಹೋಗಿತ್ತು. ಶಾಲೆಗಿದ್ದ ಒಂದೇ ವಿಮಾನ ನಾಳೆ ಎಂಜಿನ್ ಬಿಚ್ಚಿಸಿಕೊಳ್ಳಲು ಹೊರಟರೆ ಎರಡು ತಿಂಗಳು ಈ ಕಡೆ ಮುಖ ಹಾಕುವುದಿಲ್ಲ.

ಒಂಬತ್ತು ಹೊಡೆಯಿತು. ಸತ್ಯವಾಣಿ ಗಂಟಲು ಸರಿಮಾಡಿಕೊಂಡಿತು: "ತುಂತುರು ಮಳೆ. ಬದಲಾವಣೆ ಇಲ್ಲ."

ಹೊರಗೆ ಬೀಳುತ್ತಿದ್ದುದು ದಾರಿಹೋಕ ಮೋಡವೊಂದರ ನಾಲ್ಕು ಹನಿ. ಐದು ನಿಮಿಷದಲ್ಲಿ ಅದು ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಸುತ್ತಲಿನ ಹೊಲಗಳಲ್ಲೆಲ್ಲ ಬಿಸಿಲು, ರನ್‌ವೇ ಮೇಲೆ ಮಾತ್ರ ಮೋಡ ಬಿಡಾರ ಹೂಡಿ ತೊಟ್ಟಿಕ್ಕುತ್ತಲೇ ಇತ್ತು.

"ಏನ್ರಿ ಇದು?" ಎಂದರು ತರಬೇತುದಾರ ಕ್ಯಾಪ್ಟನ್ ಇನಾಮದಾರ.

"ವರದಿ ತಪ್ಪಬಾರದು ಅಂತ ಇದಕ್ಕ ಕಟ್ಟುನಿಟ್ಟ ಹೇಳೇನಿ," ಎಂದ ಗಲಗಲಿಯವರ ಕಣ್ಣುಗಳು ಮೆಲ್ಲಗೆ ಅರಳಿದವು. "ಕ್ಯಾಪ್ಟನ್‌ರ, ಆಕಾಶಾನ ನನ್ನ ವರದಿ ಮಾತು ಕೇಳಲಿಕ್ಕೆ ಹತ್ತದ!"

ಒಂಬತ್ತೂವರೆಯ ವರದಿ ಹೊರಡುವ ಮೊದಲೇ ಅವರು ಗುಂಡಿ ಒತ್ತಿ 'ಆಕಾಶ ನಿಚ್ಚಳ' ಎಂದು ತುಂಬಿದರು.

"ಹಂಗಾದರ ಎದುರುಗಾಳಿ ವೇಗ ಎಂಟು ನಾಟ್ ಹಾಕ್ರಿ. ಬಿಸಿಲು ಸ್ವಲ್ಪ ಕಡಿಮಿ ಇರ್ಲಿ. ಹದ್ದು ಬ್ಯಾಡ," ಎಂದು ಕ್ಯಾಪ್ಟನ್ ಖಾನಾವಳಿಯಲ್ಲಿ ಊಟ ಹೇಳುವಂತೆ ಹೇಳಿದರು.

ವರದಿ ಹೊರಟಿತು. ಹೇಳಿದ್ದೆಲ್ಲ ಬಂತು. ಹದ್ದುಗಳು ಸಾಲಾಗಿ ಪಕ್ಕದ ಊರಿಗೆ ಹೋದವು.

ವಿಮಾನದ ತಪಾಸಣೆ ಮುಗಿಸಿ, ಹತ್ತಕ್ಕೆ ಆರು ನಿಮಿಷ ಇರುವಾಗ ಮುಕ್ತಾ ಹಾರಿದಳು. ಪಕ್ಕದ ಸೀಟು ಖಾಲಿ, ಬೈಯುವವರಿಲ್ಲ! ಚಕ್ರ ನೆಲ ಬಿಟ್ಟಾಗ ಅವಳು ಗಟ್ಟಿಯಾಗಿ ನಕ್ಕಳು. ಒಂದು ಸುತ್ತು, ಆರು ನಿಮಿಷ, ತಾನೇ ಇಳಿಸಿದರೆ ಗೆದ್ದಂತೆ. ಸುತ್ತು ಮುಗಿಸಿ ರನ್‌ವೇ ಕಡೆ ವಿಮಾನದ ಮೂಗು ತಿರುಗಿಸಿ, ಎಂಜಿನ್ ತಗ್ಗಿಸಿ ಮುನ್ನೂರು ಅಡಿಗೆ ಬರುವುದಕ್ಕೂ ಹತ್ತು ಗಂಟೆ ಆಗುವುದಕ್ಕೂ ಸರಿಹೋಯಿತು. ಅವಳನ್ನು ನೋಡಲು ಇಬ್ಬರು ಹಿರಿಯರೂ ಅಂಗಳಕ್ಕೆ ಓಡಿದ್ದರು. ಯಾರೂ ಏನೂ ತುಂಬದ್ದರಿಂದ ಪೆಟ್ಟಿಗೆ ತನಗೆ ಕಂಡದ್ದನ್ನೇ ರೇಡಿಯೋದಲ್ಲಿ ಹೇಳಿತು.

"ಆಕಾಶ ನಿಚ್ಚಳ. ಮೇಲೆ ವಿಮಾನ ಒಂದು, ಮುನ್ನೂರು ಅಡಿ. ಬದಲಾವಣೆ ಇಲ್ಲ."

ವಿಮಾನ ಇಳಿಯುವುದನ್ನು ನಿಲ್ಲಿಸಿತು. ಮುಕ್ತಾ ಮೂಗು ಕೆಳಗೆ ಮಾಡಿದಳು, ಮೂಗಷ್ಟೇ ಕೆಳಗಾಯಿತು. ರನ್‌ವೇ ಕಾಲಡಿಯಲ್ಲಿ ಹಾದುಹೋಯಿತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಅದೇ ಮುನ್ನೂರು ಅಡಿ.

"ಸರ್, ವಿಮಾನ ಇಳೀವಲ್ತ್ರಿ."

ಉತ್ತರವಾಗಿ ರೇಡಿಯೋದಲ್ಲಿ, ಒಳಗೆ ಓಡಿಬಂದ ಹಿರಿಯರಿಬ್ಬರ ಜಗಳ ಬಂತು.

"ಆ ವೈರ್ ಕಿತ್ತ ಒಗೀರಿ ಗಲಗಲಿ!" ಇದು ಕ್ಯಾಪ್ಟನ್.

"ಕಿತ್ತರ, ಹಿಡಕೊಂಡದ್ದನ್ನ ಅದು ದೊಪ್ಪಂತ ಬಿಟ್ಟರ?"

"ಮತ್ತೇನ್ ಹತ್ತೂವರಿ ತನಕಾ ಕಾಯೂದಾ? ಆಕಿ ಕಡೆ ಅಷ್ಟು ಪೆಟ್ರೋಲ್ ಇಲ್ಲ."

"ಒಂದ ದಾರಿ ಅದ." ಗಲಗಲಿಯವರ ದನಿ ಸಣ್ಣದಾಯಿತು. "ತಿದ್ದುಪಡಿ. ಹಿಂದಿನ ವರದಿ ತಪ್ಪು ಅಂತ ನಾನ ಬರದು ಓದಬೇಕು. ನನ್ನ ಸರ್ವೀಸಿನಾಗ ಒಮ್ಮಿನೂ ಓದಿಲ್ರಿ."

"ಈಗ ಓದ್ರಿ. ವಿಮಾನ ನೆಲದ ಮ್ಯಾಲೆ ಐತಿ ಅಂತ ಬರೀರಿ."

ಮುಕ್ತಾಳಿಗೆ ಹೆದರಿಕೆ ಇತ್ತು, ಆದರೆ ಈಗ ಬಂದ ಸಿಟ್ಟು ಅದಕ್ಕಿಂತ ದೊಡ್ಡದು. ಪೆಟ್ಟಿಗೆಯೇ ವಿಮಾನ ಇಳಿಸಿದರೆ ಅದು ಅವಳ ಹಾರಾಟವೇ ಅಲ್ಲ. ಮತ್ತೆ ಎರಡು ತಿಂಗಳು ಕಾಯಬೇಕು.

"ಹಂಗ ಬರೀಬ್ಯಾಡ್ರಿ," ಎಂದಳು. "ಬದಲಾವಣೆ ಐತಿ ಅಂತ ಅಷ್ಟ ಬರೀರಿ. ಇಳಸೂದು ನನ್ನ ಕೆಲಸ."

ಕಾಗದದ ಮೇಲೆ ಪೆನ್ನು ಗೀಚುವ ಸದ್ದು ರೇಡಿಯೋದಲ್ಲಿ ಬಂತು. ಆಮೇಲೆ ಗಲಗಲಿಯವರು ಕಷಾಯ ಕುಡಿಯುವವರ ದನಿಯಲ್ಲಿ ಓದಿದರು: "ಹಿಂದಿನ ವರದಿ ತಪ್ಪು. ಬದಲಾವಣೆ ಇದೆ."

ವಿಮಾನ ಸಡಿಲಾಯಿತು. ಆದರೆ ಎಷ್ಟು ಬದಲಾವಣೆ ಎಂದು ಯಾರೂ ಬರೆದಿರಲಿಲ್ಲ! ಸತ್ಯವಾಣಿ ಧಾರಾಳವಾಗಿ ಕೊಟ್ಟಿತು. ಮೊದಲು ಮಂಜು, ಮಂಜಿನ ಹಿಂದೆ ಕೆಂಪು ಧೂಳು, ಧೂಳಿನೊಳಗೆ ಆಲಿಕಲ್ಲು. ಎಡಗಾಳಿಗೆ ರೆಕ್ಕೆ ತಗ್ಗಿಸುವಷ್ಟರಲ್ಲಿ ಬಲಗಾಳಿ. ನಡುವೆ ಸುಮ್ಮನೆ ಒಂದು ಕಾಮನಬಿಲ್ಲು. ಮುಕ್ತಾಳಿಗೆ ರನ್‌ವೇಯ ಬಿಳಿ ಗೆರೆ ಒಮ್ಮೆ ಕಂಡಿತು, ಅದನ್ನು ಬಿಡಲಿಲ್ಲ. ಚಕ್ರ ಎರಡು ಸಲ ಪುಟಿದು ನೆಲಕ್ಕೆ ಕೂತಿತು.

ಕೆಳಗಿಳಿದಾಗ ಅವಳ ಮುಖದ ತುಂಬ ನಗು. ಕ್ಯಾಪ್ಟನ್ ಅವಳ ಹಾರಾಟದ ಪುಸ್ತಕ ತೆರೆದು 'ಒಬ್ಬಳೇ' ಎಂದು ಬರೆದು ಸಹಿ ಹಾಕಿದರು. ಪಕ್ಕದಲ್ಲಿ ಹವಾಮಾನ ಹೇಗಿತ್ತೆಂದು ತುಂಬಬೇಕಿತ್ತು. ಅವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಗಲಗಲಿಯವರನ್ನು ನೋಡಿದರು, ಆಮೇಲೆ 'ಎಲ್ಲಾ ಇತ್ತು' ಎಂದು ಬರೆದರು.