ನಾನು ಕಟ್ಟಿದ ಹೊಗೆಯಿಲ್ಲದ ಒಲೆ

ಒಲೆಯ ವಿಷಯದಲ್ಲಿ ಆಗ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಒಲೆಯ ಮುಂದೆ ಕುಳಿತಿರಲಿಲ್ಲ, ಅಷ್ಟೇ.

ಈ ಜ್ಞಾನ ನನಗೆ ದೊರೆತದ್ದು ಬಾದಾಮಿಯಲ್ಲಿ ನಡೆದ ಮೂರು ದಿನಗಳ ಶಿಬಿರದಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ನಮ್ಮ ಭಾಗದ ಅಡುಗೆಮನೆಗಳಿಂದ ಹೊಗೆಯನ್ನು ಓಡಿಸಬೇಕೆಂದು ಪರದೇಶದ ಒಂದು ಸೇವಾ ಸಂಸ್ಥೆ ಪಣ ತೊಟ್ಟು ಬಂದಿತ್ತು. ಅದಕ್ಕೆ ಊರಿಗೊಬ್ಬ ಸ್ವಯಂಸೇವಕ ಬೇಕಾಗಿದ್ದ. ಪಗಾರವಿಲ್ಲ, ಊಟ ಉಚಿತ, ಎದೆಗೆ ಹಾಕಿಕೊಳ್ಳಲು ಒಂದು ಹಸಿರು ಬಿಲ್ಲೆ. ನಾನು ಬಿಲ್ಲೆ ನೋಡಿ ಹೆಸರು ಕೊಟ್ಟೆ.

ಶಿಬಿರದಲ್ಲಿ ಹನ್ನೆರಡು ಜನ ಇದ್ದೆವು. ಮಾಸ್ತರರು, ಗುಮಾಸ್ತರು, ಒಬ್ಬ ಪೋಸ್ಟ್‌ಮನ್. ಎಲ್ಲರೂ ಗಂಡಸರು. ಕಲಿಸಲು ಬಂದವರೂ ಗಂಡಸರೇ. ಮೊದಲ ದಿನ ಒಲೆಯ ಇತಿಹಾಸ, ಎರಡನೆಯ ದಿನ ಒಲೆಯ ನಕ್ಷೆ, ಮೂರನೆಯ ದಿನ ಎಲ್ಲರೂ ಸೇರಿ ಒಂದು ಮಾದರಿ ಒಲೆ ಕಟ್ಟಿದೆವು. ಹಸಿ ಮಣ್ಣಾದ್ದರಿಂದ ಅದನ್ನು ಹೊತ್ತಿಸುವಂತಿರಲಿಲ್ಲ. ಹೀಗಾಗಿ ಬೆಂಕಿಯ ಪಾಠವೊಂದು ಉಳಿದುಹೋಯಿತು. ಮೂರೂ ದಿನ ನಮಗೆ ಊಟ ಬಂದದ್ದು ಪಕ್ಕದ ಖಾನಾವಳಿಯಿಂದ, ಹೊಗೆ ಕಾರುವ ಹಳೆಯ ಒಲೆಯ ಮೇಲೆ ಬೆಂದು. ರೊಟ್ಟಿ ಬಹಳ ಚೆನ್ನಾಗಿದ್ದವು!

ಸಮಾರೋಪದ ಹೊತ್ತಿಗೆ ಸಂಘಟಕರು ಕೇಳಿದರು: "ಮೊದಲನೇ ಒಲಿ ಯಾರ ಮನ್ಯಾಗ?"

ನಾನು ಎದ್ದು ನಿಂತೆ. ಹದಿನೈದು ದಿನದೊಳಗೆ ನನ್ನ ಮನೆಯಲ್ಲಿ ಒಲೆ ಸಿದ್ಧವಾಗುವುದೆಂದೂ, ಸಂಸ್ಥೆಯ ಇಂಗ್ಲೆಂಡಿನ ಕಾರ್ಯಕರ್ತೆ ಬಂದು ಅದರ ಮೇಲೆ ಸುಟ್ಟ ರೊಟ್ಟಿಯನ್ನು ತಿಂದು ಹೋಗಬಹುದೆಂದೂ ಘೋಷಿಸಿದೆ. ಆಕೆ ಒಪ್ಪಿದರೆ ನಮ್ಮ ಓಣಿಯ ಇಪ್ಪತ್ತು ಮನೆಗಳಿಗೆ ಹೊಗೆ ಪೈಪು ಬರುತ್ತವೆ ಎಂದರು ಸಂಘಟಕರು. ಚಪ್ಪಾಳೆ ಬಿದ್ದಿತು. ಚಪ್ಪಾಳೆ ಬಿದ್ದ ಮೇಲೆ ನಾನು ಸುಮ್ಮನೆ ಕೂಡುವ ಮನುಷ್ಯನಲ್ಲ. "ಇಡೀ ಹುನಗುಂದ ತಾಲೂಕಿಗೇ ಮಾದರಿ ಆಗೂ ಹಂಗ ಕಟ್ಟತೇನಿ!" ಎಂದು ಸೇರಿಸಿದೆ.

ಇದರಲ್ಲಿ ಒಂದು ಖರೆ ಕಾರಣವೂ ಇತ್ತು. ನನ್ನ ಹೆಂಡತಿ ಶಾಂತಾಳ ಕಣ್ಣು ಆ ವರ್ಷ ಕೆಂಪಗಾಗಿ ಸದಾ ನೀರು ಸುರಿಸುತ್ತಿದ್ದವು. ಬಾಗಲಕೋಟೆಯ ಕಣ್ಣಿನ ಡಾಕ್ಟರರು ನೋಡಿ, "ಹೊಗಿಯಿಂದ ದೂರ ಇರ್ರಿ. ಹಿಂಗಽ ನಡದ್ರ ಮುಂದ ತ್ರಾಸ ಆಗ್ತದ" ಎಂದಿದ್ದರು. ದಿನಕ್ಕೆರಡು ಸಲ ಜೋಳದ ರೊಟ್ಟಿ ಸುಡುವ ಹೆಂಗಸು ಹೊಗೆಯಿಂದ ದೂರ ಎಲ್ಲಿಗೆ ಹೋಗಬೇಕು? ಆ ಮಾತು ಕೇಳಿ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಮನೆಗೆ ಬಂದು ನಕ್ಷೆಯನ್ನು ಹರಡಿದೆ. ನಾನೇ ಬರೆದದ್ದು, ಮೂರು ಬಣ್ಣಗಳಲ್ಲಿ. ಶಾಂತಾ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

"ಖರೇನ ಹೊಗಿ ಬರೂದಿಲ್ಲೇನ್ರಿ?"

"ಒಂದ ಎಳೀನೂ ಬರೂದಿಲ್ಲ. ಎಲ್ಲಾ ಪೈಪಿನ್ಯಾಗ ಹಾದು ಮಾಳಿಗಿ ಮ್ಯಾಲ ಹೋಗ್ತೈತಿ."

ಅವಳ ಮುಖ ಅರಳಿತು. ಆಮೇಲೆ ಕೇಳಿದಳು: "ತೊಗರಿ ಕಟಗಿ ಮಾರುದ್ದ ಇರ್ತಾವು. ಇಷ್ಟ ಸಣ್ಣ ಬಾಯಾಗ ಹೆಂಗ ಹೋಗ್ತಾವು?"

"ಕಡದು ಹಾಕೂದು."

"ಕಡಿಯೋರು ಯಾರು?"

ಈ ಪ್ರಶ್ನೆ ಶಿಬಿರದಲ್ಲಿ ಬಂದಿರಲಿಲ್ಲ.

"ಹೋಗ್ಲಿ, ರೊಟ್ಟಿ ಎಲ್ಲಿ ನಿಂದ್ರಸೂದು?"

ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸಿದ ಮೇಲೆ ಒಲೆಯ ಬಾಯಿಗೆ, ಕೆಂಡದ ಮುಂದೆ ಒರಗಿಸಿ ನಿಲ್ಲಿಸುತ್ತಾರೆ. ಆಗಲೇ ಅದು ಉಬ್ಬುವುದು. ದಿನಾ ಉಬ್ಬಿದ ರೊಟ್ಟಿಯನ್ನೇ ತಿನ್ನುತ್ತಿದ್ದ ನಾನು ಅದು ಹೇಗೆ ಉಬ್ಬುತ್ತದೆಂದು ಕೇಳಿದವನಲ್ಲ. ನಕ್ಷೆಯನ್ನು ನೋಡಿದೆ. ನಕ್ಷೆಯಲ್ಲಿ ರೊಟ್ಟಿ ಇರಲಿಲ್ಲ.

"ಅದಕ್ಕೆಲ್ಲಾ ವ್ಯವಸ್ಥಾ ಐತಿ" ಎಂದು ನಕ್ಷೆಯನ್ನು ಸುತ್ತಿಟ್ಟೆ.

ಮರುದಿನ ಬೆಳಿಗ್ಗೆ ಶಾಂತಾ ನೀರಿಗೆ ಹೋದಾಗ ನಾನು ಹಾರೆ ತೆಗೆದುಕೊಂಡು ಹಳೆಯ ಒಲೆಯನ್ನು ಒಡೆದುಹಾಕಿದೆ. ಅವಳು ತನ್ನ ಕೈಯಾರೆ ಹಾಕಿ, ಹನ್ನೊಂದು ವರ್ಷ ಸಾರಿಸಿ ಕಾಪಾಡಿದ ಒಲೆ ಅದು. ಅವಳು ಕೊಡ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಳು.

"ಏನ್ರಿ ಇದು?"

"ಅಭಿವೃದ್ಧಿ ಕೆಲಸ ಶುರು ಆತು."

"ಹೊಸಾದು ಕಟ್ಟಿ, ಅದು ಒಣಗಿದ ಮ್ಯಾಲ ಹಳೇದು ಒಡೀಬೇಕಲ್ಲರೀ? ಇವತ್ತ ಅಡಗಿ ಯಾವದರ ಮ್ಯಾಲ ಮಾಡ್ಲಿ, ಆ ಬಿಲ್ಲೆ ಮ್ಯಾಲ?"

ಅಂದಿನಿಂದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ. ಗಾಳಿಗೆ ಹೊಗೆ ನಾಲ್ಕೂ ಕಡೆಯಿಂದ ಅವಳ ಮುಖಕ್ಕೇ ಬಡಿಯುತ್ತಿತ್ತು. ಹೊಗೆ ನಿರ್ಮೂಲನದ ಮೊದಲ ಹಂತ ಹೀಗೆ ಯಶಸ್ವಿಯಾಗಿ ಮುಗಿಯಿತು.

ಒಲೆಗೆ ಅಂಟು ಮಣ್ಣು ಬೇಕೆಂದು ಶಿಬಿರದಲ್ಲಿ ಹೇಳಿದ್ದರು. ನಮ್ಮ ಸೀಮೆಯ ಕಪ್ಪು ಎರೆ ಮಣ್ಣಿಗಿಂತ ಅಂಟು ಯಾವುದಿದೆ? ಮಳೆಗಾಲದಲ್ಲಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಒಂದು ಚಕ್ಕಡಿ ಎರೆ ಮಣ್ಣು ತರಿಸಿ, ಅಳತೆಪಟ್ಟಿ ಹಿಡಿದು, ಎರಡು ದಿನದಲ್ಲಿ ಕಟ್ಟಿ ಮುಗಿಸಿದೆ. ನೋಡಲು ಬಹಳ ಸುಂದರವಾಗಿತ್ತು. ಅಂಚಿಗೆ ಕಮಲದ ಹೂ ಕೂಡ ಬಿಡಿಸಿದ್ದೆ.

ಆರನೆಯ ದಿನ ಒಲೆ ಬಿರುಕು ಬಿಟ್ಟಿತು. ಬಿರುಕೆಂದರೆ ಬಿರುಕು! ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಂಥ ಬಿರುಕು ಬೀಳುವುದಿಲ್ಲವೇ, ಅಂಥವು. ಒಂದು ನನ್ನ ಕಮಲದ ನಡುವಿನಿಂದಲೇ ಹಾದುಹೋಗಿತ್ತು. ಪಕ್ಕದ ಮನೆಯ ಈರವ್ವ ನೋಡಲು ಬಂದಳು. ನೇಕಾರರ ಮನೆಯವಳು, ಇಡೀ ಓಣಿಗೆ ದೊಡ್ಡವಳು.

"ಮಾಸ್ತರ, ಎರಿ ಮಣ್ಣಾಗ ಯಾರರೆ ಒಲಿ ಹಾಕ್ತಾರೇನೋ ಯಪ್ಪಾ? ಹಾಳು ಹುತ್ತಿನ ಮಣ್ಣು ತಾ. ಅದರಾಗ ಕುದುರಿ ಲದ್ದಿ ಕಲಸು. ಇದು ಸಣ್ಣ ಹುಡಿಗ್ಯಾರಿಗೂ ಗೊತ್ತೈತಿ."

ಎದೆಗೆ ಬಿಲ್ಲೆ ಹಾಕಿಕೊಂಡು, ಬುಟ್ಟಿ ಹಿಡಿದು ಟಾಂಗಾ ಸ್ಟ್ಯಾಂಡಿಗೆ ಹೋದೆ. ಕುದುರೆಗಳ ಹಿಂದೆ ಬಗ್ಗಿ ಲದ್ದಿ ತುಂಬುತ್ತಿದ್ದಾಗ ನಮ್ಮ ಹೆಡ್‌ಮಾಸ್ತರರು ಟಾಂಗಾದಿಂದ ಇಳಿದರು.

"ಏನ್ರಿ ಇದು, ಮಾಸ್ತರ?"

"ಅಂತರರಾಷ್ಟ್ರೀಯ ಅಭಿವೃದ್ಧಿ, ಸರ್."

ಅವರು ಒಮ್ಮೆ ಬುಟ್ಟಿಯನ್ನೂ ಒಮ್ಮೆ ಬಿಲ್ಲೆಯನ್ನೂ ನೋಡಿ, ಮೂಗಿಗೆ ಕರವಸ್ತ್ರ ಹಿಡಿದು ಹೋದರು.

ಎರಡನೆಯ ಒಲೆ ಬಿರುಕು ಬಿಡಲಿಲ್ಲ. ಬೆಳಕಿಂಡಿಯ ಮೂಲಕ ಪೈಪನ್ನು ಮಾಳಿಗೆಯ ಮೇಲೆ ತೆಗೆದೆ. ಮಾದರಿ ಒಲೆಗೆಂದು ಸಂಸ್ಥೆ ಕೊಟ್ಟ ಪೈಪು ಮೋಟಾಗಿದ್ದರಿಂದ ಅದು ಮೇಲೆ ಒಂದು ಗೇಣಷ್ಟೇ ಇಣುಕಿ ನೋಡುತ್ತಿತ್ತು. ಅತಿಥಿ ಬರುವುದು ಭಾನುವಾರ. ಶನಿವಾರ ಒಲೆ ಹೊತ್ತಿಸಿ ಚಹಾ ಕಾಸಿದೆವು. ಅಡುಗೆಮನೆಯಲ್ಲಿ ಒಂದೆಳೆ ಹೊಗೆ ಇಲ್ಲ! ಶಾಂತಾ ಚಹಾದ ಪಾತ್ರೆಯನ್ನು ಮರೆತು ಗೋಡೆ, ಸೂರು ಎಲ್ಲವನ್ನೂ ನೋಡುತ್ತ ನಿಂತಳು. ಅವಳ ಕಣ್ಣು ಒಣಗಿದ್ದವು. ನನ್ನ ಜೀವನದಲ್ಲಿ ನಾನು ಮಾಡಿದ ಒಂದು ಕೆಲಸ ಹೀಗೆ ಸರಿಹೋದದ್ದು ಅದೇ ಮೊದಲು. ಎದೆ ತುಂಬಿ ಬಂದಿತು.

"ರೊಟ್ಟೀನೂ ಒಂದು ಮಾಡಿ ನೋಡೂಣಲ್ಲರೀ?"

"ಇವತ್ತ ಬ್ಯಾಡ. ಒಲಿ ಇನ್ನೂ ಎಳೇದೈತಿ" ಎಂದೆ, ಎಲ್ಲ ಬಲ್ಲವನಂತೆ.

ಅಷ್ಟರಲ್ಲಿ ಈರವ್ವ ಮೊರ ಹಿಡಿದು ಒಳಗೆ ಬಂದಳು. ಅವರ ಮಾಳಿಗೆ ನಮ್ಮ ಮಾಳಿಗೆಗೆ ಹತ್ತಿಕೊಂಡೇ ಇದೆ. ನಮ್ಮ ಪೈಪಿನ ಬಾಯಿಗೆ ಸರಿಯಾಗಿ ಅವಳು ಸಂಡಿಗೆ ಒಣಹಾಕಿದ್ದಳು. ಮೊರದ ತುಂಬ ಕಪ್ಪು ಸಂಡಿಗೆ.

"ಹೊಗಿ ಇಲ್ಲದ ಒಲಿ ಅಂದಿ. ಹೊಗಿ ಐತೋ ಮಾಸ್ತರ. ನನ್ನ ಸಂಡಿಗ್ಯಾಗ ಐತಿ!"

ಇದೊಂದು ದಿನ ತಾಳಿಕೋ ಎಂದು ಬೇಡಿಕೊಂಡೆ. ಅವಳ ಇನ್ನೊಂದು ಮೊರದ ಸಂಡಿಗೆ ಮಾಳಿಗೆಯ ಮೇಲೇ ಇತ್ತು. ಗಾಳಿಗೆ ಪೈಪಿನ ಮಸಿ ಅದರ ಮೇಲೂ ಉದುರುತ್ತಿತ್ತು. ಸದ್ಯಕ್ಕೆ ಅವಳನ್ನು ಸಮಾಧಾನ ಮಾಡಲು ಮಾಳಿಗೆ ಹತ್ತಿ ಪೈಪಿನ ಬಾಯಿಗೆ ಒಂದು ಹಳೆಯ ಗಡಿಗೆಯನ್ನು ಬೋರಲು ಹಾಕಿ ಬಂದೆ. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ.

ಬೆಳಿಗ್ಗೆ ನನಗೆ ಬೇರೆ ಕೆಲಸವಿತ್ತು. ಇಂಗ್ಲಿಷ್ ಭಾಷಣ. ಒಂದು ವಾರದಿಂದ ಬರೆದು, ತಿದ್ದಿ, ಬಾಯಿಪಾಠ ಮಾಡುತ್ತಿದ್ದೆ. ಹೆಂಡತಿಗೂ ಅತಿಥಿಗೂ ನಡುವೆ ದುಭಾಷಿಯಾಗಿ ನಾನು ಮೆರೆಯುವವನಿದ್ದೆ. ಗಡಿಗೆ ಮಾಳಿಗೆಯ ಮೇಲೆ ತನ್ನ ಪಾಡಿಗೆ ತಾನು ಕುಳಿತಿತ್ತು.

ಹನ್ನೊಂದು ಗಂಟೆಗೆ ಇಂಗ್ಲೆಂಡಿನ ಆ ಕಾರ್ಯಕರ್ತೆ, ಹೆಲೆನ್, ಬಂದಳು. ಇಪ್ಪತ್ತೈದರ ಹುಡುಗಿ, ಬಿಸಿಲಿಗೆ ಮೂಗು ಸುಲಿದಿತ್ತು. ನಾನು ಗಂಟಲು ಸರಿಮಾಡಿಕೊಂಡು "ರೆಸ್ಪೆಕ್ಟೆಡ್ ಮೇಡಂ" ಎನ್ನುವಷ್ಟರಲ್ಲಿ ಆಕೆ ನನ್ನನ್ನು ದಾಟಿ ಹೋಗಿ ಶಾಂತಾಳಿಗೆ ಕೈಮುಗಿದಳು.

"ನಮಸ್ಕಾರ. ನಾನು ತಮ್ಮ ಒಲೆಯನ್ನು ನೋಡಲು ಬಂದಿರುತ್ತೇನೆ. ತಾವು ಕ್ಷೇಮವಾಗಿರುವಿರಾ?"

ಧಾರವಾಡದಲ್ಲಿ ಆರು ತಿಂಗಳು ಕನ್ನಡ ಕಲಿತಿದ್ದಳಂತೆ. ಬಾಗಿಲಲ್ಲಿ ನೆರೆದಿದ್ದ ಹೆಂಗಸರು ಬೆರಗಾದರು. "ಯವ್ವಾ, ಪುಸ್ತಕ ಮಾತಾಡಿಧಂಗ ಮಾತಾಡ್ತಾಳ!" ಎಂದಳು ಈರವ್ವ. ನನ್ನ ಭಾಷಣ ಜೇಬಿನಲ್ಲೇ ಉಳಿಯಿತು.

ಶಾಂತಾ ಒಲೆ ಹೊತ್ತಿಸಿದಳು. ಕಟ್ಟಿಗೆಯನ್ನು ನಾನೇ ಕಡಿದಿದ್ದೆ. ಅಂಗೈ ತುಂಬ ಬೊಬ್ಬೆ. ನಾನು ಒಲೆಯ ಪಕ್ಕ ನಿಂತು, "ಇಲ್ಲಿ ಗಮನಿಸಬೇಕಾದದ್ದು ಹೊಗೆಯ ಸಂಪೂರ್ಣ ಅಭಾವ" ಎಂದು ಶುರುಮಾಡಿದೆ. ಹೊಗೆ ಮೊದಲು ಒಲೆಯ ಮೇಲೆ ಪಾತ್ರೆ ಇಡುವ ಹಿಂದಿನ ತೂತಿನಿಂದ ಬಂದಿತು. ಆಮೇಲೆ ಮುಂದಿನಿಂದ. ಆಮೇಲೆ ಎಲ್ಲ ಕಡೆಯಿಂದ. ಎರಡೇ ನಿಮಿಷದಲ್ಲಿ ನನಗೆ ಹೆಲೆನ್ ಕಾಣಿಸಲಿಲ್ಲ, ಅವಳಿಗೆ ನಾನು ಕಾಣಿಸಲಿಲ್ಲ. ಹೊಗೆಯ ಸಂಪೂರ್ಣ ಅಭಾವದ ಬಗ್ಗೆ ನಾನು ಮಾತಾಡುತ್ತಲೇ ಇದ್ದೆ!

"ಮನಿ ಹತ್ತೇತಿ!" ಎಂದು ಯಾರೋ ಹೊರಗೆ ಕೂಗಿದರು. ಓಣಿಯವರು ಕೊಡ ಹಿಡಿದು ನುಗ್ಗಿದರು. ಮೊದಲ ಕೊಡದ ನೀರು ನನ್ನ ಮೇಲೆ ಬಿದ್ದಿತು. ಎರಡನೆಯದೂ ನನ್ನ ಮೇಲೆಯೇ. ಅಭಿವೃದ್ಧಿಗೆ ಜನರ ಸಹಭಾಗಿತ್ವ ಬಹಳ ಮುಖ್ಯ ಎಂದು ಶಿಬಿರದಲ್ಲಿ ಹೇಳಿದ್ದರು.

ಎಲ್ಲರೂ ಅಂಗಳದಲ್ಲಿ ಕೆಮ್ಮುತ್ತ ನಿಂತೆವು. ಹೆಲೆನ್‌ಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. "ತಮ್ಮ ಒಲೆ ಬಹಳ... ಬಹಳ..." ಎಂದಳು. ಆರು ತಿಂಗಳ ಕನ್ನಡದಲ್ಲಿ ಆ ಪದ ಬಂದಿರಲಿಲ್ಲ.

ಆಗ ನನಗೆ ಗಡಿಗೆ ನೆನಪಾಯಿತು. ಹೇಳಿದೆ. ಶಾಂತಾ ನನ್ನತ್ತ ನೋಡಿದಳು. ಅವಳ ಎರಡೂ ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ ಹೇಳಿದಳು:

"ನನ್ನ ಕಣ್ಣಿನ ಸಲುವಾಗಿ ಇಷ್ಟ ಒದ್ದಾಡೀರಿ. ಅದು ನನಗ ಗೊತ್ತೈತ್ರಿ. ಆದ್ರ ಒಂದ ಸಲಾನಾದ್ರೂ ನನ್ನ ಮಾತು ಕೇಳಬೇಕಾಗಿತ್ತು."

ನನಗೆ ಬಹಳ ನಾಚಿಕೆಯಾಯಿತು. ಮೈಯಿಂದ ನೀರು ಸೋರುತ್ತಿದ್ದುದರಿಂದ ಮುಖದ ಮೇಲಿನದು ಯಾವ ನೀರೆಂದು ಯಾರಿಗೂ ತಿಳಿಯಲಿಲ್ಲ.

ಅವಳು ಸೆರಗು ಸಿಕ್ಕಿಸಿಕೊಂಡು ಮಾಳಿಗೆ ಹತ್ತಿ ಗಡಿಗೆ ತೆಗೆದಳು. ಈರವ್ವನ ಮನೆಯಿಂದ ಒಂದು ಹಳೆಯ ತಗಡಿನ ತುಂಡು ತರಿಸಿ, ಸುತ್ತಿ, ಪೈಪಿಗೆ ಸಿಕ್ಕಿಸಿ ಅದನ್ನು ಆಳೆತ್ತರ ಮಾಡಿದಳು. ಸಂಡಿಗೆಯ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕೆಳಗೆ ಬಂದು ಕುರ್ಪಿಯಿಂದ ನನ್ನ ಒಲೆಯ ಬಾಯಿಯನ್ನು ಅಗಲವಾಗಿ ಕೆತ್ತಿದಳು. ಮುಂದೆ ಒಂದು ಗೇಣು ಕಟ್ಟೆ ಬಿಟ್ಟು ಕೆಂಡ ಎಳೆದುಕೊಳ್ಳಲು ಜಾಗ ಮಾಡಿದಳು. ಕಮಲದ ಹೂ ಹೋಯಿತು. ಮತ್ತೆ ಬೆಂಕಿ ಹೊತ್ತಿಸುವಾಗ ಗಾಳಿ ಹಾಕಲು ಕೈಗೆ ಸಿಕ್ಕದ್ದು ನನ್ನ ಮೂರು ಬಣ್ಣದ ನಕ್ಷೆ. ಗಾಳಿ ಚೆನ್ನಾಗಿ ಬರುತ್ತಿತ್ತು.

ಹೊಗೆ ಸೀದಾ ಮೇಲೆ ಹೋಯಿತು. ಮೊದಲ ರೊಟ್ಟಿಯನ್ನು ಒಲೆಯ ಬಾಯಿಗೆ ಒರಗಿಸಿದಳು. ಓಣಿಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ರೊಟ್ಟಿ ಉಬ್ಬಿತು! ಹೆಲೆನ್ ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ಬದನೆಯ ಎಣಗಾಯಿ ಹಚ್ಚಿಕೊಂಡು ಮೂರು ರೊಟ್ಟಿ ತಿಂದಳು. ತಿಂದಾದ ಮೇಲೆ ಶಾಂತಾಳ ಕೈಹಿಡಿದು, "ಅಕ್ಕಾ, ಓಣಿಯ ಒಲೆಗಳನ್ನು ತಾವೇ ಕಟ್ಟಿಸಿಕೊಡಬೇಕು" ಎಂದಳು.

"ಆತು. ಆದ್ರ ಮಣ್ಣು ಕಲಸಾಕ ಒಂದು ಆಳು ಬೇಕು" ಎಂದಳು ಶಾಂತಾ.

ಎಲ್ಲರೂ ನನ್ನ ಕಡೆ ನೋಡಿದರು.

ಮುಂದಿನ ಮೂರು ತಿಂಗಳು, ಶಾಲೆ ಬಿಟ್ಟ ಮೇಲೆ, ನಾನು ಮೊದಲ ಬಾರಿಗೆ ಸ್ವಯಂಸೇವೆ ಎಂದರೇನೆಂದು ಕಲಿತೆ. ಹುತ್ತಿನ ಮಣ್ಣು ಹೊತ್ತೆ, ಲದ್ದಿ ಆರಿಸಿದೆ, ಕಾಲಿನಿಂದ ತುಳಿದು ಹದ ಮಾಡಿದೆ. ಶಾಂತಾ ಮುಟ್ಟಿ ನೋಡಿ "ಇನ್ನೂ ತುಳೀರಿ" ಎನ್ನುತ್ತಿದ್ದಳು. ನಾನು ತುಳಿಯುತ್ತಿದ್ದೆ. ಆ ಚಳಿಗಾಲ ಬರುವ ಹೊತ್ತಿಗೆ ಅವಳ ಕಣ್ಣಿನ ಕೆಂಪು ಇಳಿದಿತ್ತು. ಬಾಗಲಕೋಟೆಯ ಡಾಕ್ಟರರು "ಏನ್ ಮಾಡಿದ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಾ, "ಒಲಿ ಕಟ್ಟಿದೆವ್ರಿ" ಎಂದಳು. ಆ ಮಾತಿನಲ್ಲಿ ನನ್ನನ್ನೂ ಸೇರಿಸಿಕೊಂಡದ್ದು ಅವಳ ದೊಡ್ಡತನ.

ಇಪ್ಪತ್ತನೆಯ ಒಲೆ ಮುಗಿದ ದಿನ ಹೆಲೆನ್ ಕ್ಯಾಮರಾ ತಂದು ಆ ಅಡುಗೆಮನೆಯಲ್ಲೇ ಎಲ್ಲರನ್ನೂ ಒಲೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದಳು. ವರ್ಷದ ನಂತರ ಇಂಗ್ಲೆಂಡಿನಿಂದ ಸಂಸ್ಥೆಯ ವರದಿ ಪುಸ್ತಕ ಬಂದಿತು. ಹೊಳಪು ಕಾಗದ, ಒಳಪುಟದಲ್ಲಿ ಅದೇ ಫೋಟೊ. ನಡುವೆ ಶಾಂತಾ, ಪಕ್ಕದಲ್ಲಿ ಈರವ್ವ, ಸುತ್ತ ಹೆಂಗಸರು. ನಾನು ಎಲ್ಲಿದ್ದೇನೆಂದು ಹುಡುಕಿದೆ. ಆಗ ನಾನು ಮಾಳಿಗೆಯ ಮೇಲೆ ಮಕಾಡೆ ಮಲಗಿ, ಪೈಪು ಅಲುಗಾಡದಂತೆ ಬೆಳಕಿಂಡಿಯಿಂದ ಒಳಗೆ ಕೈ ಇಳಿಬಿಟ್ಟು ಹಿಡಿದುಕೊಂಡಿದ್ದೆ. ಫೋಟೊದ ಮೇಲ್ತುದಿಯಲ್ಲಿ ಎರಡು ಕೈ ಸ್ಪಷ್ಟವಾಗಿ ಕಾಣುತ್ತಿದ್ದವು, ಮೊಣಕೈವರೆಗೆ, ಲದ್ದಿ ಸಮೇತ.

ಕೆಳಗೆ ಎಲ್ಲರ ಹೆಸರನ್ನೂ ಎಡದಿಂದ ಬಲಕ್ಕೆ ಒಂದೂ ಬಿಡದೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. ಶಾಂತಾ ಓದಿ ಹೇಳಿರೆಂದು ಪಕ್ಕದಲ್ಲಿ ಕುಳಿತಳು. ನನ್ನ ಇಂಗ್ಲಿಷ್ ಕೊನೆಗೂ ಉಪಯೋಗಕ್ಕೆ ಬಂದಿತು. ಒಂದೊಂದೇ ಹೆಸರನ್ನು ಓದಿ ಹೇಳಿದೆ. ಕೊನೆಯಲ್ಲಿ, ನನ್ನ ಕೈಗಳಿದ್ದ ಜಾಗದ ಬಗ್ಗೆಯೂ ಒಂದು ಸಾಲು ಇತ್ತು.

"ಏನಂತ ಬರದಾರ್ರಿ ನಿಮ್ಮ ಬಗ್ಗೆ?"

"ಮೇಲೆ: ಹೊಗೆ ಪೈಪು" ಎಂದೆ.