ಚಿಲಕದ ಜೀರ್ಣೋದ್ಧಾರ

ಕೇಳದೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಕನ್ನಡಕದಂಗಡಿಯವರು ಕೇಳಿ ಕೆಟ್ಟರು.

ವಿಷಯ ಇಷ್ಟೇ. ಬಡಾವಣೆಯ ಉದ್ಯಾನದ ನಡುವೆ ಒಂದು ಹಳೆಯ ಕಟ್ಟಡ. ಅದರಲ್ಲೊಂದು ಸಭಾಂಗಣ, ಸಭಾಂಗಣದ ಗೋಡೆಗೆ ಅಂಟಿಕೊಂಡು ಒಂದೇ ಒಂದು ಶೌಚಾಲಯ. ಅದರ ಬಾಗಿಲಿಗೆ ಚಿಲಕವಿರಲಿಲ್ಲ. ಮಾನ ಮರ್ಯಾದೆ ಇದ್ದವರು ಅತ್ತ ತಲೆ ಹಾಕುತ್ತಿರಲಿಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ಮಾನಕ್ಕಿಂತ ಜಲಬಾಧೆ ದೊಡ್ಡದು. ಡಾಕ್ಟರ ಅಪ್ಪಣೆಯಂತೆ ದಿನವೂ ಅಲ್ಲಿ ನಡೆಯಲು ಬರುತ್ತಿದ್ದ ಕನ್ನಡಕದಂಗಡಿಯವರು ಒಂದು ಉಪಾಯ ಕಂಡುಕೊಂಡಿದ್ದರು. ಒಳಗೆ ಕಾಲಿಟ್ಟ ಕೂಡಲೇ ಗಟ್ಟಿಯಾಗಿ ಹಾಡತೊಡಗುವುದು. ಹಾಡು ಕೇಳುವಷ್ಟು ಹೊತ್ತು ಯಾರೂ ಬಾಗಿಲು ತಳ್ಳುತ್ತಿರಲಿಲ್ಲ. ಅವರ ಕಂಠ ಹೇಗಿತ್ತೆಂದರೆ, ಹತ್ತಿರ ಬರುವವರೇ ಕಡಿಮೆ.

ಆ ಬೆಳಗ್ಗೆ ಪಲ್ಲವಿ ಮುಗಿಸಿ ಚರಣಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ, ಕೈ ತೊಳೆಯಲು ನಲ್ಲಿ ಹುಡುಕುತ್ತಿದ್ದ ಸಂಗೀತದ ಟೀಚರ್ ಬಾಗಿಲು ತಳ್ಳಿಬಿಟ್ಟರು. ಇಬ್ಬರೂ ಒಟ್ಟಿಗೆ ಕಿರುಚಿದರು. ಜೀವನದಲ್ಲಿ ಮೊದಲ ಸಲ ಕನ್ನಡಕದಂಗಡಿಯವರ ಶ್ರುತಿ ಕೂಡಿತು.

ಅವರು ನೆಟ್ಟಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಚಿಲಕ, ಒಂದಿಷ್ಟು ಸ್ಕ್ರೂ ಕೊಂಡರು. ಕನ್ನಡಕ ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರ್ ಹೇಗೂ ಜೇಬಿನಲ್ಲೇ ಇರುತ್ತಿತ್ತು. ಸುಮ್ಮನೆ ಹೋಗಿ ಹಾಕಬಾರದೇ? ಸಭ್ಯರು ನೋಡಿ, ಉದ್ಯಾನ ಸಂಘದ ಅಧ್ಯಕ್ಷರನ್ನು ಒಂದು ಮಾತು ಕೇಳೋಣ ಎಂದು ಹೊರಟರು. ಬೇಲಿ ಮೇಲಿದ್ದ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಳ್ಳುವುದೆಂದರೆ ಇದೇ.

ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರು. “ಚಿಲಕ ಅಂದ್ರೆ ಸಣ್ಣ ವಿಷಯ ಅಂದ್ಕೊಂಡ್ರಾ?” ಎಂದರು. “ಚಿಲಕ ನಿಲ್ಬೇಕಾದ್ರೆ ಬಾಗಿಲು ಗಟ್ಟಿ ಇರ್ಬೇಕು. ಬಾಗಿಲು ನಿಲ್ಬೇಕಾದ್ರೆ ಗೋಡೆ ಗಟ್ಟಿ ಇರ್ಬೇಕು. ಗೋಡೆ ನಿಲ್ಬೇಕಾದ್ರೆ…”

“ಸಾರ್, ನಾನೇ ಹಾಕಿಬಿಡ್ತೀನಿ. ನನ್ನದೇ ಖರ್ಚು.”

“ಸಾರ್ವಜನಿಕ ಆಸ್ತಿ ಕಣ್ರೀ! ಇಷ್ಟ ಬಂದಂಗೆ ಕೊರೆಯೋಕೆ ನಿಮ್ಮನೆ ಬಾಗಿಲಾ? ಸಂಜೆ ಸಭೆ ಕರೀತೀನಿ. ದೂರುದಾರರು ನೀವು, ಮುಂದಿನ ಸಾಲಲ್ಲಿ ಕೂತಿರ್ಬೇಕು. ಮಧ್ಯ ಎದ್ದು ಹೋಗೋ ಹಾಗಿಲ್ಲ.”

ಅಸಲಿಗೆ ಅಧ್ಯಕ್ಷರ ಭಾವಮೈದುನ ಕಟ್ಟಡದ ಗುತ್ತಿಗೆದಾರ. ಅವನು ಬರೆದಿಟ್ಟ ದಪ್ಪನೆಯ ಅಂದಾಜುಪಟ್ಟಿಯೊಂದು ನೆಪಕ್ಕಾಗಿ ಬೀರುವಿನಲ್ಲಿ ಕಾದು ಕೂತಿತ್ತು. ಕನ್ನಡಕದಂಗಡಿಯವರು ಆ ನೆಪವನ್ನು ಕೈಯಾರೆ ತಂದುಕೊಟ್ಟರು.

ಮಧ್ಯಾಹ್ನ ಹೆಂಡತಿ ಕೇಳಿದ್ದು ಇಷ್ಟೇ: “ನಿಮಗ್ಯಾಕ್ರೀ ಊರ ಉಸಾಬರಿ? ನಮ್ಮ ಬಚ್ಚಲಮನೆ ಚಿಲಕ ಬಿದ್ದು ವರ್ಷ ಆಯ್ತು. ಅದಕ್ಕೆ ಸಭೆ ಕರೆಯೋರು ಯಾರು?”

ಸಂಜೆ ಸಭಾಂಗಣ ತುಂಬಿತು. ಗುತ್ತಿಗೆದಾರ ಎದ್ದು ನಿಂತು, ಕಟ್ಟಡದ ಜೀರ್ಣೋದ್ಧಾರಕ್ಕೆ ಮೂವತ್ತು ಲಕ್ಷ ಎಂದ. ಸಭೆ ಹೌಹಾರಿತು.

“ಹಗಲು ದರೋಡೆ!” ಎಂದು ವಕೀಲರು ಮೇಜು ಕುಟ್ಟಿದರು. “ಜನರ ತೆರಿಗೆ ಹಣ ಏನು ಬಿಟ್ಟಿ ಬಿದ್ದಿದೆಯಾ? ನಾನು ಪೂರ್ತಿ ವಿರೋಧಿ. ಮಾಡೋದೇ ಆದ್ರೆ ಒಂದು ಗ್ರಂಥಾಲಯನಾದ್ರೂ ಸೇರಿಸಿ. ನನ್ನ ಹಳೇ ಕಾನೂನು ಪುಸ್ತಕ ಎಲ್ಲಾ ಅಟ್ಟದ ಮೇಲೆ ಧೂಳು ತಿಂತಿವೆ.”

“ನಾನೂ ವಿರೋಧಾನೇ,” ಎಂದರು ಸಂಗೀತದ ಟೀಚರ್. “ದುಂದುವೆಚ್ಚ. ಈ ದುಡ್ಡಲ್ಲಿ ಒಂದು ವೇದಿಕೆ ಆದ್ರೂ ಬೇಡ್ವಾ? ಕೆಲವರು ಎಲ್ಲೆಲ್ಲೋ ಕೂತು ಹಾಡೋದಾದ್ರೂ ತಪ್ಪುತ್ತೆ.”

ಕನ್ನಡಕದಂಗಡಿಯವರು ನೆಲ ನೋಡಿದರು.

ಹೀಗೆ ಒಬ್ಬೊಬ್ಬರು ವಿರೋಧಿಸಿದ ಹಾಗೆಲ್ಲ ಕಟ್ಟಡ ಒಂದೊಂದು ಅಡಿ ಬೆಳೆಯಿತು. ದುಂದು ಎಂದವರು ಕಾರಂಜಿ ಕೇಳಿದರು, ಅನ್ಯಾಯ ಎಂದವರು ಗೋಪುರ ಕೇಳಿದರು. ಗುತ್ತಿಗೆದಾರ ಎಲ್ಲರ ವಿರೋಧವನ್ನೂ ವಿನಯದಿಂದ ಬರೆದುಕೊಂಡ. ವೆಚ್ಚ ಐವತ್ತು ಲಕ್ಷಕ್ಕೆ ಏರಿತು.

ಈ ಮಧ್ಯೆ ಎಲ್ಲರಿಗೂ ಟೀ ಬಂತು. ಎರಡನೇ ಸಲವೂ ಬಂತು. ಬೇಡವೆಂದರೂ ಕೇಳದೆ ಪಕ್ಕದವರು ಕನ್ನಡಕದಂಗಡಿಯವರ ಕೈಗೆ ಲೋಟ ತುರುಕಿದರು. ಅಧ್ಯಕ್ಷರು ಹೂಜಿಯಿಂದ ಸೊರ್ರನೆ ನೀರು ಬಗ್ಗಿಸಿಕೊಂಡಾಗ ಇವರಿಗೆ ಕಣ್ಣು ಕತ್ತಲಿಟ್ಟಿತು. ಒಂದು ಕಾಲ ಮೇಲೆ ಇನ್ನೊಂದು ಕಾಲು ಹಾಕಿದರು, ಆಮೇಲೆ ಅದರ ಮೇಲೆ ಇದನ್ನು ಹಾಕಿದರು. ಮದ್ದು ಗೋಡೆಯ ಆಚೆಗೇ ಇತ್ತು. ಆದರೆ ಅಲ್ಲಿ ಹೋಗಿ ಹಾಡಿದರೆ ಸಭೆಗೆಲ್ಲ ಕೇಳಿಸುತ್ತದೆ. ಹಾಡದಿದ್ದರೆ ಬೆಳಗಿನ ಪಾಡು.

“ಐವತ್ತು ಜಾಸ್ತಿ ಆಯ್ತು,” ಎಂದರು ಅಧ್ಯಕ್ಷರು. “ಏನಾದ್ರೂ ಕಡಿಮೆ ಮಾಡ್ಬೇಕು.”

“ಶೌಚಾಲಯ ಕೈಬಿಡೋಣ, ಭಾವ,” ಎಂದ ಗುತ್ತಿಗೆದಾರ. “ಹೇಗೂ ಅದನ್ನ ಯಾರೂ ಬಳಸಲ್ಲ.”

ಕನ್ನಡಕದಂಗಡಿಯವರು ಮಂಡಿ ಜೋಡಿಸಿಕೊಂಡೇ ಎದ್ದು ನಿಂತರು. “ನಾನು ಬಳಸ್ತೀನಿ! ಸಭೆ ಕರೆದಿದ್ದೇ ಅದಕ್ಕೆ!”

“ಒಬ್ಬರ ಜಲಬಾಧೆಗೆ ಇಡೀ ಬಡಾವಣೆ ಬಲಿಯಾಗ್ಬೇಕೇನ್ರೀ?” ಎಂದರು ವಕೀಲರು. ಚಪ್ಪಾಳೆ ಬಿತ್ತು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗನ್ನೇ ಕೊಯ್ದು ಮೂಗುತಿ ಉಳಿಸಿಕೊಂಡಿದ್ದರು.

ಆಮೇಲೆ ಶಿಲಾಫಲಕದಲ್ಲಿ ಯಾರ ಹೆಸರು ಮೊದಲು ಎಂಬ ಮುಖ್ಯ ಚರ್ಚೆ ಆರಂಭವಾಯಿತು. ಖರ್ಚಿಗೆ ಏರದಷ್ಟು ದನಿ ಇದಕ್ಕೆ ಏರಿತು. ಇದೇ ಸಮಯವೆಂದು ಕನ್ನಡಕದಂಗಡಿಯವರು ಗೋಡೆ ಸವರಿಕೊಂಡು ಹೊರಗೆ ಜಾರಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದದ್ದು ಸಾಕಾಗಿತ್ತು. ಚಿಲಕ ಜೇಬಿನಲ್ಲೇ ಇತ್ತು!

ಹಲ್ಲು ಕಚ್ಚಿ, ಕಾಲು ಹೆಣೆದು, ಬೆವರು ಸುರಿಸಿ, ತೆರೆದ ಬಾಗಿಲಿಗೆ ಆ ಪುಟ್ಟ ಸ್ಕ್ರೂಡ್ರೈವರ್‌ನಲ್ಲೇ ಒಂದೊಂದು ಸ್ಕ್ರೂ ತಿರುಗಿಸಿದರು. ಕೊನೆಯದೂ ಕೂತಿತು. ಚಿಲಕ ಎಳೆದು ನೋಡಿದರು, ಟಕ್ ಎಂದು ಸರಿಯಿತು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಇನ್ನು ಹಾಡಬೇಕಾಗಿಲ್ಲ, ಹೆದರಬೇಕಾಗಿಲ್ಲ.

“ಅರೆ, ಚಿಲಕ!” ಹಿಂದಿನಿಂದ ಗುತ್ತಿಗೆದಾರನ ದನಿ. “ಒಂದೇ ನಿಮಿಷ ಅಣ್ಣಾ, ಎರಡೆರಡು ಟೀ ಕುಡಿದಿದೀನಿ.” ಅವರು ಬಾಯಿ ತೆರೆಯುವ ಮೊದಲೇ ಒಳಗೆ ನುಗ್ಗಿ ಟಕ್ಕೆನಿಸಿದ.

ಅವನು ಹೊರಬಂದು ಸುದ್ದಿಯನ್ನು ಸಭಾಂಗಣದಲ್ಲಿ ಸಾರಿದ. ಫಲಕದ ಜಗಳ ಥಟ್ಟನೆ ನಿಂತಿತು. ಟೀ ಎಲ್ಲರೂ ಕುಡಿದಿದ್ದರಲ್ಲ! ಹೆಂಗಸರು ಮೊದಲು ಎಂದರು ಯಾರೋ. ಸಂಗೀತದ ಟೀಚರ್ ಹೋದರು. ವಯಸ್ಸಾದವರು ಎಂದರು ಇನ್ಯಾರೋ. ವಕೀಲರು ಆ ಕ್ಷಣವೇ ವೃದ್ಧರಾದರು. ಎಲ್ಲರಿಗೂ ದಾರಿ ಬಿಡುತ್ತಾ ಬಿಡುತ್ತಾ ಸಭ್ಯರಾದ ಕನ್ನಡಕದಂಗಡಿಯವರು ಸಾಲಿನ ಕೊನೆಗೆ ಬಂದು ನಿಂತಿದ್ದರು. ಅವರ ಮುಂದೆ ಉಳಿದದ್ದು ಅಧ್ಯಕ್ಷರೊಬ್ಬರೇ. ಅವರೂ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಬಹಳ ಹೊತ್ತಾಯಿತು. ಸದ್ದಿಲ್ಲ. ಕನ್ನಡಕದಂಗಡಿಯವರು ಗೋಡೆಗೆ ಹಣೆ ಒತ್ತಿಕೊಂಡು ನಿಂತರು. ಕೊನೆಗೆ ತಡೆಯಲಾರದೆ ಬಾಗಿಲು ಬಡಿದರು.

“ಸಾರ್! ಬೇಗ ಸಾರ್! ಕಾಲಿಗೆ ಬೀಳ್ತೀನಿ!”

“ಯಾರ್ರೀ ಅದು, ಬಡಿಯೋದು?” ಒಳಗಿನಿಂದ ಹೆಡ್ಮಾಸ್ಟರ ಗಂಭೀರ ದನಿ ಬಂತು. “ಆ ಗಲಾಟೆಯಲ್ಲಿ ಅಂದಾಜುಪಟ್ಟಿ ಒಂದಕ್ಷರ ತಲೆಗೆ ಹೋಗ್ಲಿಲ್ಲ. ಇಲ್ಲಿ ಕೂತು ಓದೋಕೆ ಎಷ್ಟು ನೆಮ್ಮದಿಯಾಗಿದೆ! ಸ್ವಲ್ಪ ತಡ್ಕೊಳ್ಳಿ, ಇನ್ನೂ ಅಡಿಪಾಯದಲ್ಲೇ ಇದೀನಿ.”