ಅತ್ತೆಯ ಪಡಸಾಲೆಯ ಕ್ಯಾಸಿನೋ

ಹೂವಿನಹಡಗಲಿಯ ನನ್ನ ಸೋದರತ್ತೆ ಜೀವಮಾನದಲ್ಲಿ ಕ್ಯಾಸಿನೋ ಕಂಡವಳಲ್ಲ. ಆದರೆ ಯಾವುದಾದರೂ ಕ್ಯಾಸಿನೋ ನನ್ನ ಅತ್ತೆಯನ್ನು ಕಂಡಿದ್ದರೆ, ಅಂದೇ ಶಟರ್ ಎಳೆದು ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟುಕೊಳ್ಳುತ್ತಿತ್ತು!

ಅತ್ತೆಯದು ಮಲ್ಲಿಗೆ ವ್ಯಾಪಾರ. ಬೆಳಿಗ್ಗೆ ತೋಟಗಳಿಂದ ಒದ್ದೆ ಬಟ್ಟೆಯಲ್ಲಿ ಮೊಗ್ಗು ಬರುತ್ತದೆ. ಹನುಮವ್ವ, ಖಾತೂನಬಿ ಎಂಬ ಇಬ್ಬರು ಹೆಂಗಸರು ಪಡಸಾಲೆಯಲ್ಲಿ ಕೂತು ಕಟ್ಟುತ್ತಾರೆ. ಹನ್ನೊಂದರ ಬಸ್ಸಿಗೆ ಮಾಲೆಗಳು ದಾವಣಗೆರೆಯ ದಾರಿ ಹಿಡಿಯಬೇಕು. ಮೊಗ್ಗಾಗಿದ್ದಾಗ ಬಂಗಾರ, ಅರಳಿತೋ ಕಸ! ಇಂಥ ದಂಧೆ ಮಾಡುವವರಿಗೆ ನೆಮ್ಮದಿ ಎಲ್ಲಿಂದ ಬರಬೇಕು ಹೇಳಿ? ಅತ್ತೆ ನಿಂತೇ ಚಹಾ ಕುಡಿಯುತ್ತಾಳೆ, ನಡೆಯುತ್ತಲೇ ಉಣ್ಣುತ್ತಾಳೆ. ಮಲಗಿದಾಗಲೂ ಒಂದು ಕಾಲು ಅಲ್ಲಾಡುತ್ತಿರುತ್ತದೆ ಎಂದು ಮಾವ ಹೇಳುತ್ತಿದ್ದ.

ಹೇಳುತ್ತಿದ್ದ, ಅಂದೆ. ಮಾವ ಖಾಸಗಿ ಬಸ್ಸುಗಳ ಏಜೆಂಟ. ನಿಲ್ದಾಣದಲ್ಲಿ ನಿಂತು "ಬರ್ರಿ ಬರ್ರಿ ಬರ್ರಿ! ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ!" ಎಂದು ಕೂಗಿದರೆ, ಮಾಗಳದ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಬಸ್ಸು ತಪ್ಪೀತೆಂದು ಒದ್ದೆ ಸೀರೆಯಲ್ಲೇ ಓಡಿ ಬರುತ್ತಿದ್ದರಂತೆ. ಆ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ದನಿಯೂ ಹೋಯಿತು. ಎಡಗೈ ಚೆನ್ನಾಗಿಯೇ ಇತ್ತು, ಆದರೆ ಅದನ್ನು ಎತ್ತುವ ಮನಸ್ಸು ಉಳಿದಿರಲಿಲ್ಲ. ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ನೀರು ಕೊಟ್ಟರೆ ಕುಡಿದ, ಕೊಡದಿದ್ದರೆ ಇಲ್ಲ.

ದಾವಣಗೆರೆಯ ಡಾಕ್ಟರು ಅತ್ತೆಗೆ ಹೇಳಿದ್ದು ಇಷ್ಟೇ: "ನೋಡಮ್ಮಾ, ಔಷಧಿ ನಾನು ಕೊಡ್ತೀನಿ. ಆದರೆ ಅವರಿಗೆ ಏನಾದರೂ ಬೇಕು ಅನ್ನಿಸಬೇಕು. ಬೇಕು ಅಂತ ಕೈ ಚಾಚಿದ ದಿನದಿಂದ ಗುಣ ಶುರು."

ಅಂದಿನಿಂದ ಅತ್ತೆಗೆ ಒಂದೇ ಹುಚ್ಚು. ಮಾವನಿಗೆ ಏನಾದರೂ ಬೇಕು ಅನ್ನಿಸಬೇಕು! ಮೈಸೂರು ಪಾಕು ತಂದಳು, ಬೇಡ. ಟೇಪ್ ರೆಕಾರ್ಡರ್ ತಂದಳು, ಬೇಡ. ಪಿಯುಸಿಯಲ್ಲಿ ಎರಡನೇ ಸಲ ಗೋತಾ ಹೊಡೆದು ಮನೆಯಲ್ಲಿದ್ದ ನನ್ನನ್ನೂ ತರಿಸಿದಳು. ನಾನು ಮಿಮಿಕ್ರಿಯವನು. ಕಂಡಕ್ಟರು, ಹೆಡ್ ಮಾಸ್ತರು, ಈಯುತ್ತಿರುವ ಆಡು, ಯಾರ ದನಿ ಬೇಕಾದರೂ ತೆಗೆಯುತ್ತೇನೆ. ನನ್ನದೇ ದನಿ ಯಾವುದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ. ಒಂದು ವಾರ ಮಂಚದ ಪಕ್ಕ ನಿಂತು ನನ್ನ ಸರಕೆಲ್ಲ ತೆಗೆದೆ. ಮಾವ ಕಣ್ಣು ಮುಚ್ಚಿಕೊಂಡ. ನನ್ನ ಕಲೆಗೆ ಅಷ್ಟು ನಿಖರವಾದ ವಿಮರ್ಶೆ ಮತ್ತೆಂದೂ ಬಂದಿಲ್ಲ!

ಹೀಗಿರುವಾಗ ತೆಲಿಗಿಯಿಂದ ಒಬ್ಬ ಹುಡುಗ ತನ್ನ ಮದುವೆಗೆ ಹೂವು ಹೇಳಲು ಬಂದ. ಗೋವಾದ ಹೋಟೆಲಿನಲ್ಲಿ ಕೆಲಸ, ಕೆಳಗಿನ ಮಹಡಿಯಲ್ಲಿ ಕ್ಯಾಸಿನೋ. ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟ: "ಅಲ್ಲಿ ಟೇಬಲ್ ಮ್ಯಾಲ ಬಾಯಿಮಾತು ನಡ್ಯಂಗಿಲ್ರಿ ಅಮ್ಮಾರ. ಇಸ್ಪೀಟ್ ಎಲಿ ಬೇಕಂದ್ರ ಬೆರಳಿಂದ ಟೇಬಲ್ ತಟ್ಟಬೇಕು. ಸಾಕಂದ್ರ ಅಂಗೈ ಹಿಂಗ ಆಡಿಸ್ಬೇಕು. ಎಷ್ಟ ಒದರಿದ್ರೂ ಎಲಿ ಹಾಕಂಗಿಲ್ಲ."

ಅತ್ತೆಯ ಕೈಯ ಹೂವಿನ ದಾರ ನಿಂತಿತು. "ಅಂದ್ರ ಮಾತ ಬರಲಾರದವ್ರೂ ಆಡಬೋದು?"

"ಆಡಬೋದ್ರಿ."

"ಒಂದ ಕೈಲೆ?"

"ಒಂದ ಬೆರಳಾದ್ರೂ ಸಾಕ್ರಿ."

ಮುಗಿಯಿತು! ಹೂವು ಹೇಳಲು ಬಂದವನು ಮಧ್ಯಾಹ್ನದವರೆಗೆ ಪಾಠ ಹೇಳಿ, ಹೂವು ಹೇಳುವುದನ್ನೇ ಮರೆತು ಹೋದ.

ಮೊದಲು ರೂಲೆಟ್. ತಿರುಗುವ ಚಕ್ರ, ಸೊನ್ನೆಯಿಂದ ಮೂವತ್ತಾರರವರೆಗೆ ಅಂಕಿ, ಒಂದು ಗುಂಡು. ಗುಂಡು ನಿಮ್ಮ ಅಂಕಿಯ ಮನೆಗೆ ಬಿದ್ದರೆ ಒಂದಕ್ಕೆ ಮೂವತ್ತೈದು, ಕೆಂಪು-ಕಪ್ಪು ಎಂದು ಇಟ್ಟರೆ ಒಂದಕ್ಕೆ ಒಂದು, ಸೊನ್ನೆ ಬಂದರೆ ಎಲ್ಲ ಆಡಿಸುವವರ ಪಾಲು. ಚಕ್ರಕ್ಕೆ ಎಲ್ಲಿಗೆ ಹೋಗುವುದು? ಅತ್ತೆ ಬೀಸುವ ಕಲ್ಲನ್ನು ಪಡಸಾಲೆಗೆ ಎಳೆಸಿದಳು! ಮೇಲಿನ ಕಲ್ಲಿನ ಮೇಲೆ ಸುಣ್ಣದಲ್ಲಿ ಅಂಕಿ ಬರೆದೆವು. ನಾನು ಗೂಟ ಹಿಡಿದು ತಿರುಗಿಸಿದೆ, ಅತ್ತೆ ಗೋಲಿ ಬಿಟ್ಟಳು. ಮೂರು ತಲೆಮಾರು ಜೋಳ ಬೀಸಿದ ಕಲ್ಲು, ಬಾಯಿಯ ಕಡೆಗೆ ಸವೆದು ಇಳಿಜಾರಾಗಿತ್ತು. ಗೋಲಿ ಗಂಭೀರವಾಗಿ ಎರಡು ಸುತ್ತು ಬಂದು, ಕಾಳು ಹಾಕುವ ತೂತಿಗೆ ಪುಳಕ್ಕನೆ ಬಿತ್ತು.

"ಇದು ಯಾವ ನಂಬರ್ರಿ ಯಕ್ಕಾ?" ಎಂದಳು ಖಾತೂನಬಿ.

ಅತ್ತೆ ಅರೆಗಳಿಗೆ ಯೋಚಿಸಿ, "ಸೊನ್ನಿ," ಎಂದಳು. "ಎಲ್ಲಾ ನನಗ."

ಹನ್ನೆರಡು ಸಲ ತಿರುಗಿಸಿದೆವು, ಹನ್ನೆರಡು ಸಲವೂ ಸೊನ್ನೆ. ಪ್ರತಿ ಸಲ ಕಲ್ಲು ಎತ್ತಿ ಗೋಲಿ ತೆಗೆಯುವ ಭಾಗ್ಯ ನನ್ನದು. ಒಂದು ಗೋಲಿ ಎತ್ತುವುದರೊಳಗೆ ಪುಡಿಯಾಗಿತ್ತು. ಅದರ ಚೂರು ಮರುದಿನ ನನ್ನ ಝುಣಕದಲ್ಲಿ ಸಿಕ್ಕಿತು. ಮಾವ ತಿರುಗಿಯೂ ನೋಡಲಿಲ್ಲ.

ಆಮೇಲೆ ಬ್ಯಾಕರಾ ಎಂಬುದನ್ನು ತೆಗೆದಳು. ಎರಡು ಕಡೆ ಎಲೆ ಹಾಕುವುದು, ಒಂಬತ್ತಕ್ಕೆ ಯಾರು ಹತ್ತಿರವೋ ಅವರ ಮೇಲೆ ಪಣ ಕಟ್ಟಿದವರು ಗೆದ್ದಂತೆ. "ಇದು ನಮ್ಮ ಅಂದರ್-ಬಾಹರ್‌ನ ದೊಡ್ಡಪ್ಪ. ಕುಂತವ್ರು ಏನೂ ಕೇಳೂದ ಇಲ್ಲ, ಇವ್ರಿಗೆ ಬ್ಯಾಡ," ಎಂದು ಹತ್ತು ನಿಮಿಷಕ್ಕೆ ಕೈಬಿಟ್ಟಳು. ದಾಳ ಉರುಳಿಸುವ ಆಟದಲ್ಲಿ ಎಲ್ಲರೂ ಕಿರುಚಬೇಕು ಎಂದು ಗೊತ್ತಾದಾಗ ಅದರ ಹೆಸರನ್ನೂ ಎತ್ತಗೊಡಲಿಲ್ಲ.

ಉಳಿದದ್ದು ಇಪ್ಪತ್ತೊಂದು. ಎಲ್ಲರಿಗೂ ಎರಡೆರಡು ಎಲೆ. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ("ರಾಣಿಗೂ ಗುಲಾಮಗೂ ಒಂದ ಪಗಾರ! ಛಲೋ ರಾಜ್ಯ," ಎಂದಳು ಹನುಮವ್ವ.) ಎಕ್ಕ ಒಂದಾದರೂ ಆಗಬಹುದು, ಹನ್ನೊಂದಾದರೂ ಆಗಬಹುದು. ಇಪ್ಪತ್ತೊಂದಕ್ಕೆ ಹತ್ತಿರ ಹೋಗಬೇಕು, ದಾಟಿದರೆ ಸೋತಂತೆ. ಹಂಚುವವಳಿಗೆ ಮಾತ್ರ ಸ್ವಂತ ಬುದ್ಧಿ ಬಳಸುವ ಹಕ್ಕಿಲ್ಲ. ಹದಿನಾರರವರೆಗೆ ಎಲೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು.

ಪಣ ಏನು? ದುಡ್ಡಿಟ್ಟರೆ ಜೂಜು. ಮಲ್ಲಿಗೆ ಇಟ್ಟರೆ? ಅತ್ತೆಯ ಕಾನೂನಿನಲ್ಲಿ ಅದು ಮನೆಗೆಲಸ! ಹೀಗಾಗಿ ಪಣ ಮೊಳದ ಲೆಕ್ಕದಲ್ಲಿ. ಆದರೆ ನಾಲ್ಕೇ ದಿನಕ್ಕೆ ನನಗೊಂದು ಅನುಮಾನ ಬಂತು. ಗೆದ್ದಾಗ ಬರುವ ಹೂವು ಚೋಟುದ್ದ, ಸೋತಾಗ ಹೋಗುವುದು ಮಾರುದ್ದ! ಕಣ್ಣಿಟ್ಟು ನೋಡಿದೆ. ಕೊಡುವಾಗ ಅತ್ತೆ ತನ್ನ ಗಿಡ್ಡ ಮೊಳಕೈಯಿಂದ ಅಳೆಯುತ್ತಿದ್ದಳು. ತೆಗೆದುಕೊಳ್ಳುವಾಗ, ಪಕ್ಕದಲ್ಲಿದ್ದ ಖಾತೂನಬಿಯ ಉದ್ದನೆಯ ಕೈಯನ್ನು ಚಾಚಿಸಿ ಅಳೆಸುತ್ತಿದ್ದಳು.

"ಅತ್ತಿ, ಇದು ಮೋಸ ಐತಿ!"

"ಮೋಸ ಅಲ್ಲಲೇ. ಎಲ್ಲಾ ಕ್ಯಾಸಿನೋದಾಗ ಮನಿಗೆ ಒಂದೀಟ ಜಾಸ್ತಿ ಉಳೀತೈತಂತ. ಆ ಹುಡುಗನ ಹೇಳ್ಯಾನ."

ಪುಸ್ತಕ ಬರೆಯುವವರು ಅಧ್ಯಾಯಗಟ್ಟಲೆ ವಿವರಿಸುವ ಆಡಿಸುವವರ ಲಾಭವನ್ನು ಅತ್ತೆ ಎರಡು ಮೊಳಕೈಗಳಲ್ಲಿ ತೋರಿಸಿಬಿಟ್ಟಿದ್ದಳು.

ಸುದ್ದಿ ಹಬ್ಬಿತು. ಒಂದು ಶುಕ್ರವಾರ, ಠಾಣೆಯ ಪೂಜೆಗೆ ಎರಡು ಮೊಳ ಹೂವು ಒಯ್ಯಲು ಬಂದ ಪೇದೆ ಬಾಗಿಲಲ್ಲೇ ನಿಂತ. "ಏನ್ರಿ ಅಮ್ಮಾ, ಹೆಣ್ಣಮಕ್ಕಳು ಮನ್ಯಾಗ ಇಸ್ಪೀಟ್ ಹಚ್ಚೀರಿ?"

"ಇಸ್ಪೀಟ್ ಅಲ್ರಿ, ನಮ್ಮನಿಯವ್ರಿಗೆ ಡಾಕ್ಟರ್ ಹೇಳಿದ ವ್ಯಾಯಾಮ. ಕುಂದರ್ರಿ, ನೋಡಬರ್ರಿ." ಹೇಳುತ್ತಲೇ ಅವನ ಮುಂದೆ ಎರಡು ಎಲೆ. ರಾಜ ಮತ್ತು ಆರು, ಹದಿನಾರು.

"ಯಾರಿಗೆ ಹೇಳ್ತೀರಿ ವ್ಯಾಯಾಮ ಅಂತ!" ಎಂದು ಪೇದೆ ಲಾಠಿಯಿಂದ ಎಲೆ ಹಾಕುವ ಹಲಗೆಯನ್ನು ಟಕ್ಕೆಂದು ಕುಟ್ಟಿದ.

ಅತ್ತೆ ತಕ್ಷಣ ಮೂರನೇ ಎಲೆ ಹಾಕಿದಳು. ಒಂಬತ್ತು. "ತಟ್ಟಿದ್ರಿ, ಹಾಕಿದೆ. ಇಪ್ಪತ್ತೈದಾತು. ಎರಡು ಮೊಳ ಹೋತು ನೋಡ್ರಿ."

ಆ ಶುಕ್ರವಾರ ಠಾಣೆಯ ದೇವರು ಕಣಗಿಲೆಯಲ್ಲೇ ಸುಧಾರಿಸಿಕೊಂಡ.

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅತ್ತೆ ನಗಲಿಲ್ಲ. ಅವಳ ಕಣ್ಣು ಮಂಚದ ಕಡೆಗಿತ್ತು. ದಿನವೂ ಪ್ರತಿ ಸುತ್ತಿನಲ್ಲಿ ಮಾವನ ಎಡಗೈ ಪಕ್ಕ ಇರಿಸಿದ್ದ ಇನ್ನೊಂದು ಹಲಗೆಯ ಮೇಲೆ ಎರಡು ಎಲೆ ಇಡುವಳು. "ಹನ್ನೆರಡ ಐತ್ರಿ. ಬೇಕಾದ್ರ ತಟ್ರಿ, ಸಾಕಾದ್ರ ಕೈ ಆಡಿಸ್ರಿ." ಆಮೇಲೆ ಕಾಯುವಳು. ಕಾಯುವುದೆಂದರೆ ಅತ್ತೆಗೆ ಸುಟ್ಟ ಹಂಚಿನ ಮೇಲೆ ನಿಂತ ಹಾಗೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಸೆರಗು ಸಿಕ್ಕಿಸುತ್ತ, ಬಿಚ್ಚುತ್ತ, ಗಡಿಯಾರ ನೋಡುತ್ತ ಕಾಯುವಳು. ಗೋಡೆಗೆ ಮುಖ ಮಾಡಿದ ಮಾವನಿಂದ ಏನೂ ಇಲ್ಲ. "ಆತು, ನಾಳಿ ಆಡೂಣಂತ," ಎಂದು ಎಲೆ ಎತ್ತಿಕೊಳ್ಳುವಳು. ಒಂದು ತಿಂಗಳು ಹೀಗೇ ಹೋಯಿತು.

ಒಂದು ದಿನ ನಾನು ಎಡವಟ್ಟು ಮಾಡಿದೆ. ಬೀದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ನನ್ನ ಗಂಟಲಿಗೆ ಲಗಾಮು ಎಲ್ಲಿದೆ? ಹತ್ತು ವರ್ಷದ ಅಭ್ಯಾಸ, ಬಾಯಿಂದ ಮಾವನ ದನಿ ಹೊರಬಿತ್ತು: "ಬರ್ರಿ ಬರ್ರಿ ಬರ್ರಿ! ಹಗರಿಬೊಮ್ಮನಹಳ್ಳಿ, ಕೊಟ್ಟೂರು!"

ಹೂವು ಕಟ್ಟುವ ಬೆರಳುಗಳೆಲ್ಲ ನಿಂತವು. ಖಾತೂನಬಿ ಬಾಯಿಗೆ ಸೆರಗು ಹಿಡಿದಳು. ಲಕ್ವ ಹೊಡೆದವನ ಮುಂದೆ ಅವನದೇ ದನಿ! ನನ್ನಂಥ ಕತ್ತೆ ಐದು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೀಸುವ ಕಲ್ಲಿನ ತೂತಿನಲ್ಲಿ ಇಳಿದುಬಿಡೋಣ ಅನ್ನಿಸಿತು.

ಅತ್ತೆ ಮಾತ್ರ ಎಲೆ ಕಲೆಸುತ್ತಲೇ, "ಕೂಡ್ಲಿಗಿ ಬಿಟ್ಟಿ ನೋಡಲೇ," ಎಂದಳು. "ಇವ್ರು ಎಂದೂ ಕೂಡ್ಲಿಗಿ ಬಿಟ್ಟವರಲ್ಲ."

ಮಂಚ ಕಿರ್ರೆಂದಿತು. ಮಾವ ಗೋಡೆ ಬಿಟ್ಟು ಈ ಕಡೆ ತಿರುಗಿದ್ದ. ನನ್ನನ್ನು ನೋಡಿದ. ಬೈಗುಳವೋ, ನಗುವೋ ಗೊತ್ತಾಗಲಿಲ್ಲ. ಆಮೇಲೆ ಅವನ ಕಣ್ಣು ಅತ್ತೆಯ ಕೈಯ ಎಲೆಗಳ ಮೇಲೆ ಕೂತಿತು, ದಿನವಿಡೀ ಅಲ್ಲೇ ಇತ್ತು.

ಇದಾದ ನಾಲ್ಕನೇ ದಿನ. ಹೂವಿನ ಕೆಲಸ ಇನ್ನೂ ಅರ್ಧ ಉಳಿದಿತ್ತು. ಅತ್ತೆ ಮಾವನ ಹಲಗೆಗೆ ಎರಡು ಎಲೆ ಹಾಕಿದಳು. ರಾಣಿ, ಒಂಬತ್ತು. "ಹತ್ತೊಂಬತ್ತ ಐತ್ರಿ. ಛಲೋ ಎಲಿ. ಸುಮ್ನಿದ್ರೂ ಗೆಲ್ತೀರಿ."

ಮಾವನ ಎಡಗೈಯ ತೋರುಬೆರಳು ಮೇಲೆದ್ದಿತು. ಹಲಗೆಯನ್ನು ತಟ್ಟಿತು. ಟಕ್.

"ಬ್ಯಾಡ್ರಿ ಅಣ್ಣಾರ, ಹತ್ತೊಂಬತ್ತರ ಮ್ಯಾಲ ಯಾರೂ ಕೇಳಂಗಿಲ್ಲ," ಎಂದಳು ಖಾತೂನಬಿ, ಈಗಾಗಲೇ ಅಳುತ್ತ.

ಟಕ್.

ಅತ್ತೆ ಎಲೆ ಹಾಕಿದಳು. ಏಳು. "ಇಪ್ಪತ್ತಾರು," ಎಂದಳು. ದನಿ ಅವಳದೇ, ಆದರೆ ನಾನು ಯಾವತ್ತೂ ಕೇಳದ್ದು. ಇವತ್ತಿಗೂ ನನಗೆ ತೆಗೆಯಲು ಬರದ ದನಿ.

ಟಕ್.

"ಯವ್ವಾ, ದಾಟಿ ಹೋತು. ಆಟ ಮುಗೀತಲ್ಲ," ಎಂದಳು ಹನುಮವ್ವ.

"ನೀ ಸುಮ್ನಿರು. ಅವ್ರು ಕೇಳಾಕತ್ತಾರ."

ಮೂರು. "ಇಪ್ಪತ್ತೊಂಬತ್ತು." ಟಕ್. ರಾಜ. "ಮೂವತ್ತೊಂಬತ್ತು." ಟಕ್. ಎಕ್ಕ. "ನಲವತ್ತು." ಬೀದಿಯ ಮೂಲೆಯಲ್ಲಿ ಹನ್ನೊಂದರ ಬಸ್ಸು ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಹೊರಟೂ ಹೋಯಿತು. ಬುಟ್ಟಿಯಲ್ಲಿ ಮೊಗ್ಗುಗಳು ಅರಳತೊಡಗಿದವು. ಅತ್ತೆ ಹಾಕುತ್ತಲೇ ಇದ್ದಳು, ಎಣಿಸುತ್ತಲೇ ಇದ್ದಳು. ಎಂಬತ್ತಾಯಿತು, ನೂರಾಯಿತು. ಹಲಗೆ ತುಂಬಿ ಎಲೆಗಳು ಹಾಸಿಗೆಯ ಮೇಲೆ ಜಾರಿದವು.

ಕಟ್ಟು ಮುಗಿಯಿತು. ಬೆರಳು ನಿಲ್ಲಲಿಲ್ಲ. ಟಕ್. ಟಕ್.

ಹಾಕಲು ಏನೂ ಉಳಿದಿರಲಿಲ್ಲ. ಅತ್ತೆ ಮಂಚದ ಅಂಚಿಗೆ ಸರಿದು, ತನ್ನ ಖಾಲಿ ಅಂಗೈಯನ್ನು ಆ ಬೆರಳಿನ ಕೆಳಗೆ ಇಟ್ಟಳು.